ಇಲೋರಿನ್ ಮಡಕೆ ಹುಡುಕಿಕೊಂಡು ಹಲಗೂರಿಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಜನ ಬಾಗಿಲವರೆಗೂ ನಿಂತಿದ್ದರು. ಆದರೂ ಯೆತುಂಡೆಯ ಪಕ್ಕದ ಜಾಗ ರಾಮನಗರದ ತನಕ ಖಾಲಿಯೇ ಇತ್ತು. ಮೂವರು ಕೂರುವ ಸೀಟು. ಕಿಟಕಿಯ ಬಳಿ ನಾನು, ನಡುವೆ ಅವಳು. ಬುತ್ತಿಯ ಚೀಲ ಹಿಡಿದ ಹೆಂಗಸೊಬ್ಬಳು ಹತ್ತಿರ ಬಂದು, ಯೆತುಂಡೆಯ ಮುಖ ನೋಡಿ, ಸೀಟಿನ ಕಂಬಿ ಹಿಡಿದುಕೊಂಡು ನಿಂತೇ ಬಿಟ್ಟಳು. ರಾಮನಗರದಲ್ಲಿ ಹತ್ತಿದ ಕಾಲೇಜು ಹುಡುಗಿ ಫೋನು ನೋಡುತ್ತಲೇ ಬಂದು ಕೂತಳು. ತಾನು ಯಾರ ಪಕ್ಕ ಕೂತಿದ್ದೇನೆಂದು ಅವಳಿಗೆ ಮದ್ದೂರಿನವರೆಗೂ ಗೊತ್ತಾಗಲಿಲ್ಲವೇನೋ.

"ನಿನ್ನ ದೇಶದಲ್ಲಿ ನನಗೆ ಯಾವಾಗಲೂ ಎರಡು ಸೀಟು," ಎಂದಳು ಯೆತುಂಡೆ. ಹೇಳಿ ನಗಲಿಲ್ಲ.

ನಾನು ಮಂಡ್ಯ ಜಿಲ್ಲೆಯವಳು. ಮದುವೆಯಾಗಿ ಶಿವಮೊಗ್ಗ ಸೇರಿ ಬಹಳ ವರ್ಷಗಳಾದವು. ಅಲ್ಲಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಆದರೆ ನಾನು ಹುಟ್ಟಿದ್ದು ನೈಜೀರಿಯಾದಲ್ಲಿ, ಇಲೋರಿನ್ ಎಂಬ ಊರಿನ ಹತ್ತಿರ. ಆ ಕಾಲದಲ್ಲಿ ಅಲ್ಲಿನ ಶಾಲೆಗಳಿಗೆ ನಮ್ಮ ಕಡೆಯಿಂದ ಮೇಷ್ಟ್ರುಗಳು ಹೋಗುತ್ತಿದ್ದರು. ಅಪ್ಪ ಗಣಿತದ ಮೇಷ್ಟ್ರಾಗಿ ಹೋದವರು. ಅಣ್ಣ ಹುಟ್ಟಿದ ಮೇಲೆ ಎರಡು ಕೂಸು ಕಳೆದುಕೊಂಡಿದ್ದ ಅವ್ವ ಅಲ್ಲಿಗೆ ಹೋಗುವಾಗ ಯಾರೊಡನೆಯೂ ಮಾತಾಡದ ಸ್ಥಿತಿಯಲ್ಲಿದ್ದಳಂತೆ. ಪಕ್ಕದ ಅಂಗಳದಲ್ಲಿ ಮಡಕೆ ಮಾಡುವ ಮುದುಕಿಯೊಬ್ಬಳಿದ್ದಳು. ಎಲ್ಲರೂ ಅವಳನ್ನು ಇಯಾ ಎನ್ನುತ್ತಿದ್ದರು; ಅವರ ಮಾತಿನಲ್ಲಿ ಅವ್ವ ಎಂದರ್ಥ. ಆ ಇಯಾ ಒಂದು ದಿನ ಮುಚ್ಚಳದ ಮಡಕೆಯೊಂದನ್ನು ತಂದು ಅವ್ವನ ಕೋಣೆಯ ಮೂಲೆಯಲ್ಲಿಟ್ಟಳು. ಒಳಗೆ ಹೊಳೆಯ ನೀರು, ನೀರಿನಲ್ಲಿ ಹೊಳೆಯ ಕಲ್ಲುಗಳು. ಅದು ಎರಿನ್ಲೆ ಎಂಬ ಹೊಳೆಯ ದೈವದ ಮಡಕೆ. ಕಲ್ಲು ಒಣಗಬಾರದು, ವಾರಕ್ಕೊಮ್ಮೆ ನೀರು ಬದಲಾಯಿಸಬೇಕು, ಅಷ್ಟೇ ಕಟ್ಟಳೆ. ಮುಂದಿನ ವರ್ಷ ನಾನು ಹುಟ್ಟಿದೆ. ಕೆಲವು ವರ್ಷಗಳ ಮೇಲೆ ನಾವು ಊರಿಗೆ ಮರಳುವಾಗ ಅವ್ವ ಆ ಮಡಕೆಯನ್ನೂ ಜೊತೆಗೆ ತಂದಳು.

ಯೆತುಂಡೆ ಆ ಇಯಾಳ ಮಗಳ ಮಗಳು. ನಾವಿಬ್ಬರೂ ಒಂದೇ ಅಂಗಳದಲ್ಲಿ ಆಡಿದವರು, ಆದರೆ ನನಗೆ ನೆನಪಿರುವುದು ಸುಟ್ಟ ಹುಲ್ಲಿನ ವಾಸನೆ ಮಾತ್ರ. ಅವಳೀಗ ಒಂದು ಕಾಲೇಜಿನಲ್ಲಿ ಮಡಕೆ ಕೆಲಸ ಕಲಿಸುತ್ತಾಳೆ. ಅಪ್ಪನ ಹಳೆಯ ಶಿಷ್ಯರೊಬ್ಬರ ಮೂಲಕ ನನ್ನನ್ನು ಹುಡುಕಿ ಹಿಡಿದಳು. ಅಜ್ಜಿಯ ಕೈಯ ದೇವರ ಮಡಕೆ ತಮ್ಮ ಮನೆಯಲ್ಲಿ ಒಂದೂ ಇಲ್ಲ, ನಿಮ್ಮದನ್ನು ನೋಡಬೇಕು ಎಂದು ಕೇಳಿದಳು. "ಹೊರಗಿನವರಿಗೆ ಕೊಡುವ ವಸ್ತುವಲ್ಲ ಅದು. ಅಜ್ಜಿ ನಿನ್ನ ತಾಯಿಗೆ ಹೇಗೆ ಕೊಟ್ಟಳೋ ತಿಳಿಯದು. ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಅಂಥದೇ ಇನ್ನೊಂದನ್ನು ನಾನು ಮಾಡಬಲ್ಲೆ." ಬೆಂಗಳೂರಿನಲ್ಲಿ ಒಂದು ಕಾರ್ಯಾಗಾರಕ್ಕೆ ಬರುವ ಅವಕಾಶ ಸಿಕ್ಕಿದ್ದೇ ನನಗೆ ಫೋನು ಮಾಡಿದಳು. ನೋಡುವುದೇನು, ತೆಗೆದುಕೊಂಡೇ ಹೋಗು ಎಂದು ನಾನು ಮಾತು ಕೊಟ್ಟಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ತವರಿಗೆ ಬಂದು ತನ್ನ ತಮ್ಮನ ಮನೆಯಲ್ಲಿದ್ದಳು. ಮಡಕೆಯನ್ನೂ ಅಲ್ಲಿಗೇ ಒಯ್ದಿದ್ದಳು. ಅವ್ವ ತೀರಿಕೊಂಡು ವರ್ಷವಾಗಿತ್ತು. ಮಡಕೆ ಅಲ್ಲೇ ಇರಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಮಂಡ್ಯದಲ್ಲಿ ಇಳಿದಾಗ ಬಿಸಿಲು ಆಗಲೇ ಏರಿತ್ತು. ಮಾರ್ಚ್ ತಿಂಗಳು. ಅಣ್ಣ ನಾಗರಾಜ ಮಂಡ್ಯದಲ್ಲೇ ಮನೆ ಕಟ್ಟಿಕೊಂಡಿದ್ದಾನೆ. ಆದರೆ ಹಿಂದಿನ ದಿನವೇ ಫೋನಿನಲ್ಲಿ, "ಮೇಲ್ಗಡೆ ಬಾಡಿಗೆಯೋರು ಅವ್ರೆ, ಜನ ಏನೇನೋ ಕೇಳ್ತಾರೆ, ಒಂದು ರೂಮ್ ಮಾಡ್ಬುಡು," ಎಂದಿದ್ದ. ಸರಿ ಎಂದು ಲಾಡ್ಜಿಗೆ ಹೋದೆವು. ಮೇಜಿನ ಹಿಂದಿದ್ದವನು ನನ್ನ ಆಧಾರ್ ತೆಗೆದುಕೊಂಡು ರೂಮಿನ ಬಾಡಿಗೆ ಹೇಳಿದ. ಯೆತುಂಡೆ ಪಾಸ್‌ಪೋರ್ಟ್ ಚಾಚಿದ ಕೂಡಲೇ ರೂಮು ಖಾಲಿಯಿಲ್ಲವೆಂದ. ಈಗ ತಾನೇ ಇದೆ ಅಂದಿರಲ್ಲ ಎಂದು ಕೇಳಿದೆ. "ಮದ್ವೆ ಪಾರ್ಟಿ ಬತ್ತಾ ಅವ್ರೆ ಮೇಡಂ," ಎಂದು ಟಿವಿ ಕಡೆ ತಿರುಗಿದ. ಎದುರು ರಸ್ತೆಯ ಇನ್ನೊಂದು ಲಾಡ್ಜಿನಲ್ಲಿ ಮದುವೆಯ ನೆಪವನ್ನೂ ಹೇಳಲಿಲ್ಲ. ಕೊನೆಗೆ ಅಣ್ಣನ ಮನೆಗೇ ಹೋದೆವು. ಅಣ್ಣ ಗೇಟು ತೆಗೆಯುವಾಗ ಮೊದಲು ಬೀದಿಯ ಎರಡೂ ಕಡೆ ನೋಡಿದ, ಆಮೇಲೆ ನಮ್ಮನ್ನು ನೋಡಿದ.

ಅತ್ತಿಗೆ ಒಳ್ಳೆಯವಳು. ಕಾಫಿ ಕೊಟ್ಟಳು, ಮಂಚದ ಮೇಲೆ ಹೊಸ ಹೊದಿಕೆ ಹಾಸಿದಳು. ಅವಳ ಅಡುಗೆಮನೆಯಲ್ಲಿ ಇಯಾಳ ಕೈಯ ಒಂದು ಚಿಕ್ಕ ಗಡಿಗೆ ಉಳಿದಿತ್ತು. ಇಲೋರಿನ್ ಕಡೆ ಸೊಪ್ಪಿನ ಸಾರು ಕುದಿಸುವುದಕ್ಕೆ ಬಳಸುವಂಥದು. ಅತ್ತಿಗೆ ಅದರಲ್ಲಿ ಉಪ್ಪು ಬೆರೆಸಿದ ಹುಣಸೆಹಣ್ಣು ತುಂಬಿದ್ದಳು. ಯೆತುಂಡೆ ಅದನ್ನು ಇಳಿಸಿಕೊಂಡು ನೆಲದ ಮೇಲೆ ಕೂತಳು. ಹೊಟ್ಟೆಯ ಸುತ್ತ ಇದ್ದ ಸಣ್ಣ ಸಣ್ಣ ಗುಳಿಗಳ ಮೇಲೆ ಬೆರಳಾಡಿಸಿ, ಮೆಕ್ಕೆಜೋಳದ ದಿಂಡನ್ನು ಹಸಿಮಣ್ಣಿನ ಮೇಲೆ ಉರುಳಿಸಿ ಮೂಡಿಸಿದ ಗುರುತು ಇದು ಎಂದಳು. ಅವರಲ್ಲಿ ಚಕ್ರವಿಲ್ಲ. ಹಳೆಯ ಮಡಕೆಯೊಂದನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಮಣ್ಣು ತಟ್ಟಿ ಅರ್ಧ ಮಾಡುವುದು. ಆರಿದ ಮೇಲೆ ಮಣ್ಣಿನ ಸುರುಳಿ ಏರಿಸಿ ಬಾಯಿ ಕಟ್ಟುವುದು. ಬಯಲಿನಲ್ಲಿ ಹುಲ್ಲು, ಸೌದೆ ಹೊದಿಸಿ ಸುಟ್ಟು, ಕೆಂಪಗೆ ಕಾದಿರುವಾಗಲೇ ಅಲ್ಲಿನ ಒಂದು ಮರದ ಕಾಯಿಯ ಸಿಪ್ಪೆ ಕುದಿಸಿದ ಕಷಾಯ ಎರಚಿದರೆ ನೀರು ಜಿನುಗುವುದಿಲ್ಲ. ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಅತ್ತಿಗೆ ಕೇಳುತ್ತ ಹೋದಳು. ಬೇಕಾದರೆ ತಗೊಂಡು ಹೋಗ್ಲಿ ಎಂದಳು. ಯೆತುಂಡೆ ಒಪ್ಪಲಿಲ್ಲ. "ಬಳಕೆಯಲ್ಲಿದೆಯಲ್ಲ, ಇರಲಿ. ನನಗೆ ದೇವರ ಮಡಕೆ ಸಾಕು."

ಅಣ್ಣ ಆಗ ಸೋಫಾದಿಂದಲೇ, "ಅದೆಲ್ಲಿದ್ದದೋ ಏನೋ. ಹಳೇ ಸಾಮಾನು. ಸಿಗ್ದಿದ್ರೆ ಬೇಜಾರ್ ಮಾಡ್ಕೋಬೇಡಿ ಅನ್ನು ಅವ್ರಿಗೆ," ಎಂದ. ಹೇಳುವಾಗ ಪೇಪರಿನಿಂದ ತಲೆ ಎತ್ತಲಿಲ್ಲ.

ಮರುದಿನ ಮಂಡ್ಯದಿಂದ ಮದ್ದೂರಿಗೆ ಸರ್ಕಾರಿ ಬಸ್ಸು ಹಿಡಿದೆವು. ಹೆಂಗಸರಿಗೆ ಟಿಕೆಟ್ಟಿಲ್ಲ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರು ನನ್ನದನ್ನು ನೋಡಿ ಸೊನ್ನೆಯ ಚೀಟಿ ಹರಿದು, ಯೆತುಂಡೆಯ ಮುಂದೆ ನಿಂತು, "ಇವ್ರದು?" ಎಂದ. ದುಡ್ಡು ಕೊಟ್ಟೆ. ಹಿಂದಿನ ಸೀಟಿನ ಗಂಡಸೊಬ್ಬ ಕಂಡಕ್ಟರು ಚಿಲ್ಲರೆ ಕೊಡುವ ತನಕ ಕಾದಿದ್ದು, "ಯಾವ ದೇಸದ್ದಕ್ಕಾ ಇದು?" ಎಂದು ಕೇಳಿದ. ಇದು ಎಂದರೆ ಯಾವುದು ಎಂದು ನಾನು ತಿರುಗಿ ಕೇಳಿದೆ. ಅವನಿಗೆ ತಪ್ಪೇನೆಂದು ಗೊತ್ತಾಗಲೇ ಇಲ್ಲ. ಊರವರ ಮಾತು ಒರಟು, ಮನಸ್ಸು ಒಳ್ಳೆಯದು ಎಂದು ಶಿವಮೊಗ್ಗದಲ್ಲಿ ನಾನು ಎಷ್ಟೋ ಸಲ ವಾದಿಸಿದ್ದೇನೆ. ಆ ಬಸ್ಸಿನಲ್ಲಿ ವಾದಿಸುವ ಉಮೇದು ಬರಲಿಲ್ಲ.

ಮದ್ದೂರಿನಲ್ಲಿ ಬಿಸಿ ವಡೆ ತಿಂದು ಮಳವಳ್ಳಿ ಬಸ್ಸಿಗೆ ಕಾಯುವಾಗ, ರಸ್ತೆಯಂಚಿನಲ್ಲಿ ಮಡಕೆ ಹರಡಿಕೊಂಡು ಕೂತ ಹೆಂಗಸನ್ನು ಯೆತುಂಡೆ ಕಂಡಳು. ಬೇಸಿಗೆಯಾದ್ದರಿಂದ ನಲ್ಲಿ ಕೂಡಿಸಿದ ನೀರಿನ ಮಡಕೆಗಳು ಮುಂದಿದ್ದವು. ಒಂದು ಪಕ್ಕಕ್ಕೆ ಮದುವೆಗೆ ಒಯ್ಯುವ, ಸುಣ್ಣ ಕೆಮ್ಮಣ್ಣಿನ ಗೆರೆ ಬರೆದ ಗಡಿಗೆಗಳು. ಹಿಂದೆ, ಗೋಣಿಚೀಲದ ಕೆಳಗೆ, ಹೆಣದ ಮುಂದೆ ಹಿಡಿಯುವ ಚಿಕ್ಕ ಮಡಕೆಗಳು. ಯೆತುಂಡೆ ಚೀಲ ಸರಿಸಲು ಹೋದಾಗ ಹೆಂಗಸು ಅವಳ ಕೈ ತಡೆದಳು.

"ಅದ ಸುಮ್‌ಸುಮ್ನೆ ಮುಟ್ಬ್ಯಾಡಿ ಅನ್ನವ್ವ. ಅದ ಬೇಕಾದೋರು ಕೇಳ್ಕಂಡ್ ಬತ್ತಾರೆ." ಆಮೇಲೆ ನನ್ನನ್ನು, "ಇವ್ರ ಕಡೆ ಮಡ್ಕೆ ಯಾರ್ ಮಾಡೋದು?" ಎಂದು ಕೇಳಿದಳು.

"ಹೆಂಗಸರೇ."

"ನಮ್ಮಲ್ಲಿ ಎಣ್ಣೆಂಗ್ಸು ಚಕ್ರ ಮುಟ್ಟಂಗಿಲ್ಲ. ಮಣ್ಣು ತುಳಿಬೈದು, ಒರಬೈದು, ಮಾರಬೈದು. ಚಕ್ರ ಮಾತ್ರ ಇಲ್ಲ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಯೆತುಂಡೆ ಮದುವೆಯ ಗಡಿಗೆಯೊಂದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದಳು. "ಪುಣ್ಯಕ್ಕೆ ನಮ್ಮಲ್ಲಿ ಚಕ್ರವೇ ಇರಲಿಲ್ಲ. ಇದ್ದಿದ್ದರೆ ಅದನ್ನೂ ಗಂಡಸರೇ ಹಿಡಿದುಕೊಳ್ಳುತ್ತಿದ್ದರು," ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮಡಕೆಯವಳು ನಕ್ಕಳು. ಆ ಎರಡು ದಿನಗಳಲ್ಲಿ ಯೆತುಂಡೆಯ ಮಾತಿಗೆ ಯಾರಾದರೂ ಮನಸಾರೆ ನಕ್ಕದ್ದು ಅದೊಂದೇ ಸಲ.

ಮಳವಳ್ಳಿಯ ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರಾಕ್ಟರುಗಳು. ಒಂದರ ಹಿಂದೆ ಬಸ್ಸು ತೆವಳಿತು. ಮಳವಳ್ಳಿಯಲ್ಲಿ ಹಲಗೂರು ಬಸ್ಸು ಹತ್ತುವಷ್ಟರಲ್ಲಿ ನಡು ಮಧ್ಯಾಹ್ನ. ಹಲಗೂರಿನಿಂದ ಮಾವನ ಊರಿಗೆ ಆಟೊ. ಶಿಂಷಾ ಹೊಳೆಯ ದಂಡೆಯ ಚಿಕ್ಕ ಊರು. ಮನೆ ಮುಂದೆ ಹಸು, ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಶೆಡ್ಡು, ಎಲ್ಲ ಮೊದಲಿನಂತೆಯೇ ಇತ್ತು. ಹಿತ್ತಲಿಗೆ ಹೊಸದಾಗಿ ಬಚ್ಚಲು ಮನೆ ಎದ್ದಿತ್ತು.

ಮಾವ, ಅವ್ವನ ತಮ್ಮ, ಜಗಲಿಯ ಮಂಚದಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದ. ಯೆತುಂಡೆಯನ್ನು ಕಂಡು ಮತ್ತೆ ಕೂತ. ಮಾವನ ಹೆಂಡತಿ ಜಯಮ್ಮತ್ತೆ ಒಳಗಿಂದ ಬಂದಳು. "ಬಾರವ್ವ ವನ್ಜಾ. ಇವ್ರೇನಾ? ಎಸ್ರೇನು?" ಹೇಳಿದೆ. "ಎತ್ತುಂಡೆ? ಇದೆಂಥ ಎಸ್ರವ್ವ," ಎಂದಳು. ಅವ್ವ ಮರಳಿ ಬಂದಳು ಎಂದು ಅರ್ಥವಂತೆ, ಅವರಲ್ಲಿ ಹಿರಿಯಳೊಬ್ಬಳು ಸತ್ತ ಮೇಲೆ ಹುಟ್ಟಿದ ಹೆಣ್ಣಿಗೆ ಇಡುತ್ತಾರಂತೆ ಎಂದೆ. ಅತ್ತೆಯ ಮುಖ ಸ್ವಲ್ಪ ಬಿಗಿಯಾಯಿತು. ನಾನು ಆಗ ಅದನ್ನು ದೊಡ್ಡದು ಮಾಡಲಿಲ್ಲ. ಅವಳ ಮಗಳು ಭವ್ಯ ತಂಬಿಗೆ ತಂದಳು. ಮೂವತ್ತು ದಾಟಿದ ಹುಡುಗಿ. ಹಲಗೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ಮದುವೆಯಾಗಿ ವರ್ಷ ತುಂಬುವ ಮೊದಲೇ ತವರಿಗೆ ಬಂದವಳು ಹಿಂತಿರುಗಿ ಹೋಗಿಲ್ಲ. ನಮ್ಮನ್ನು ಹಿತ್ತಲಿಗೆ ಕರೆದೊಯ್ದು, ಹೊಸ ಬಚ್ಚಲಿನಲ್ಲಿ ಕೈಕಾಲಿಗೆ ನೀರು ಕೊಟ್ಟಳು.

ಊಟಕ್ಕೆ ಮುದ್ದೆ, ಉಪ್ಪೆಸರು. ಚಮಚ ಕೊಡಲೇ ಎಂದು ಕೇಳುವಷ್ಟರಲ್ಲಿ ಯೆತುಂಡೆ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದಳು. ಅವಳ ಊರಿನಲ್ಲೂ ಹೀಗೇ; ಒಣಗೆಣಸಿನ ಹಿಟ್ಟಿನ ಅಮಾಲ ಎನ್ನುವುದನ್ನು ಸೊಪ್ಪಿನ ಸಾರಿನೊಡನೆ ನುಂಗುತ್ತಾರೆ. ಅತ್ತೆಗೆ ಎಲ್ಲಿಲ್ಲದ ಸಂತೋಷ. "ನೋಡಿ ಇಲ್ಲಿ, ಮುದ್ದೆ ನುಂಗಾಕ್ ಬತ್ತದೆ ಇವ್ಳಿಗೆ. ಬೆಂಗ್ಳೂರಿನ ನಮ್ ನೆಂಟ್ರಿಗೇ ಬರಕಿಲ್ಲ," ಎಂದು ಮಾವನನ್ನು ಕರೆದು ತೋರಿಸಿದಳು. ಇನ್ನರ್ಧ ಮುದ್ದೆ ಹಾಕಿದಳು, ತುಪ್ಪ ಬಿಟ್ಟಳು. ಆ ಹೊತ್ತು ನೋಡಿ ನಾನು ಮಡಕೆಯ ಮಾತು ತೆಗೆದೆ.

"ಅದಾ? ಅದಿಲ್ಲ ಕಣವ್ವ. ಒಡ್ದಾಕ್ಬುಟ್ವಿ," ಎಂದಳು ಅತ್ತೆ, ತುಪ್ಪದ ಬಟ್ಟಲು ಪಕ್ಕಕ್ಕಿಡುತ್ತ.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ.

"ನಿಮ್ಮವ್ವ ಓಗೋಕೆ ಎಲ್ಡು ವರ್ಸ ಮುಂಚೆ. ಭವ್ಯಂಗೆ ಗಂಡು ಬತ್ತಿದ್ವು, ಓಯ್ತಿದ್ವು. ಒಂದೂ ಕೂಡ್ತಿರ್ನಿಲ್ಲ. ಸಾಸ್ತ್ರ ಕೇಳಾಕ್ ಓದ್ವಿ. ನಿಮ್ಮನೇಲಿ ಒರಗಿನ್ ನೀರು ಕುಂತದೆ, ಅದ್ರೊಳಗೆ ಉಸ್ರಾಡೋದೇನೋ ಅದೆ ಅಂದ ಆವಯ್ಯ. ನನ್ನ ಎದೆ ಜಲ್ ಅಂತು. ನಿಮ್ಮವ್ವ ವಾರ್ವಾರ ಆ ನೀರ ಚೆಲ್ಲಿ ಒಸ್ದು ತುಂಬ್ತಿದ್ದುದ ನಾನ್ ನೋಡಿಲ್ವಾ? ತಂದೋರ ಕೈಯಿಂದ್ಲೇ ಒಳೇಗ್ ಬುಡ್ಸಬೇಕು, ಬುಟ್ಟ ಮೇಲೆ ತಿರುಗಿ ನೋಡ್ದಂಗೆ ಬರ್ಬೇಕು ಅಂತ ಏಳಿದ್ದ. ಕರ್ಕಂಡೋಗಿ ಬುಡ್ಸುದ್ವಿ. ನೋಡ್ಬ್ಯಾಡ ಕಣತ್ಗೆ ಅಂತ ಬಡ್ಕಂಡ್ರೂ ತಿರುಗ್ ನೋಡ್ಬುಟ್ಳು. ಅದ್ಕೇಯ, ಮದ್ವೆ ಏನೋ ಆಯ್ತು, ನಿಲ್ನಿಲ್ಲ."

ಹೇಳುವಾಗ ಅವಳ ದನಿಯಲ್ಲಿ ಅಳುಕಿರಲಿಲ್ಲ. ತಪ್ಪು ಮಾಡಿದವಳ ಮಾತಿನಂತೆಯೂ ಇರಲಿಲ್ಲ. ತಪ್ಪೇನಿದ್ದರೂ ತಿರುಗಿ ನೋಡಿದ ಅವ್ವನದು. ಎಪ್ಪತ್ತು ದಾಟಿದ ಹೆಂಗಸಿಗೆ, ಹೆಣದ ಮುಂದೆ ನಡೆಯುವವರ ಹಾಗೆ ಮಡಕೆ ಹೊರಿಸಿ ಹೊಳೆಗೆ ಕರೆದೊಯ್ದಿದ್ದರು. ನಾನು ಬಂದಾಗಲೆಲ್ಲ ಮಡಕೆಯೆಲ್ಲಿ ಎಂದರೆ 'ಒಳ್ಗೆ ಎತ್ ಮಡಗಿವ್ನಿ' ಎನ್ನುತ್ತಿದ್ದಳು ಅವ್ವ. ಒಳಕೋಣೆಗೆ ಭತ್ತದ ಮೂಟೆ ಅಡ್ಡವಿರುತ್ತಿತ್ತು. ಫೋನು ಮಾಡಿದರೂ, ಸಾಯುವ ತಿಂಗಳಲ್ಲೂ, 'ಇವತ್ತು ನೀರ್ ಬದ್ಲಾಯಿಸ್ದೆ' ಎಂದಿದ್ದಳು.

"ಏನಂತೆ?" ಎಂದು ಯೆತುಂಡೆ ಇಂಗ್ಲಿಷಿನಲ್ಲಿ ಕೇಳಿದಳು.

"ಹೊಳೆಯಲ್ಲಿ ತೊಳೆಯಲು ಒಯ್ದಿದ್ದಳಂತೆ. ಅವ್ವನ ಕೈಜಾರಿ ಬಿತ್ತಂತೆ," ಎಂದೆ.

ಗೋಡೆಗೊರಗಿ ನಿಂತಿದ್ದ ಭವ್ಯ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬರುತ್ತದೆಂಬುದು ನನಗೆ ಆಗ ನೆನಪಾಯಿತು.

ಅತ್ತೆ ನನ್ನ ಕಡೆ ಬಾಗಿ, "ಅವ್ರ ಕಡೆ ದೇವ್ರಲ್ವಾ? ಏನಾರ ಪರಿಆರ ಗೊತ್ತಿರ್ಬೈದು. ಕೇಳವ್ವ. ಈ ಉಡ್ಗಿ ಬಾಳು ಇಂಗೇ ಆಗೋಯ್ತು," ಎಂದಳು. ನಾನು ಯೆತುಂಡೆಗೆ, ಇನ್ನೂ ಬೇಕೇ ಎಂದು ಕೇಳುತ್ತಿದ್ದಾರೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ಇಲ್ವಂತಾ?" ಎಂದು ಅತ್ತೆ ನಿಟ್ಟುಸಿರು ಬಿಟ್ಟು ತಟ್ಟೆ ಎತ್ತಿದಳು. "ನಮ್ಮ ಅಣೇಬರ."

ಬಿದ್ದ ಜಾಗವನ್ನಾದರೂ ನೋಡುತ್ತೇನೆ ಎಂದಳು ಯೆತುಂಡೆ. ಭವ್ಯ ನಮ್ಮನ್ನು ಹೊಳೆಗೆ ಕರೆದೊಯ್ದಳು. ಶಿಂಷೆಯಲ್ಲಿ ನೀರು ಸೊರಗಿತ್ತು. ಮರಳು ತೋಡಿದ ಗುಂಡಿಗಳಲ್ಲಿ ಹಸಿರು ಪಾಚಿ. ಇಳಿಯುವ ದಾರಿಯ ಪಕ್ಕ, ತಿಥಿ ಮಾಡುವ ಜಾಗದಲ್ಲಿ, ಒಣಗಿದ ಚೆಂಡುಹೂವು, ಪ್ಲಾಸ್ಟಿಕ್ ಲೋಟ, ರಾಶಿ ರಾಶಿ ಮಡಕೆ ಚೂರು. ಯೆತುಂಡೆ ಕುಕ್ಕರುಗಾಲಿನಲ್ಲಿ ಕೂತು ಚೂರುಗಳನ್ನು ಒಂದೊಂದಾಗಿ ತಿರುವಿ ನೋಡತೊಡಗಿದಳು. ಪ್ರತಿಯೊಂದರ ಒಳಮೈಯಲ್ಲೂ ಚಕ್ರ ತಿರುಗಿದ ಗೆರೆ ಇತ್ತು. ನೋಡಿ ಪಕ್ಕಕ್ಕಿಡುವಳು, ಇನ್ನೊಂದು ಎತ್ತುವಳು. ಬಿಸಿಲಿಗೆ ಅವಳ ಕುಪ್ಪಸದ ಬೆನ್ನು ಒದ್ದೆಯಾಗಿತ್ತು.

ಭವ್ಯ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು.

"ಅಲ್ಲಿ ಹುಡುಕಬೇಡಿ ಮೇಡಂ. ಅದು ಕೈಜಾರಿ ಬೀಳಲಿಲ್ಲ. ನನ್ನ ಮದುವೆಗೋಸ್ಕರ ಒಡೆಸಿದ್ದು. ನಾನೂ ಜೊತೆಗೆ ಬಂದಿದ್ದೆ."

ಯೆತುಂಡೆ ಕೈಯಲ್ಲಿದ್ದ ಚೂರನ್ನು ಕೆಳಗಿಟ್ಟಳು. ಭವ್ಯ ನಿಲ್ಲಿಸಲಿಲ್ಲ. ಬೇಡವೆಂದರೂ ಯಾರೂ ಕೇಳದಾಗ ಅವ್ವ ನೀರಿಗಿಳಿದು, ಮೊದಲು ಮಡಕೆಯೊಳಗಿನ ಕಲ್ಲುಗಳನ್ನು ತೆಗೆದು ಮಡಿಲಿಗೆ ಹಾಕಿಕೊಂಡಳಂತೆ. ಬರಿದಾದ ಮಡಕೆಗೆ ಮುಚ್ಚಳ ಹಾಕಿ, ಎತ್ತಿ ಹಾಕದೆ, ಕೂಸನ್ನು ಮಲಗಿಸುವ ಹಾಗೆ ನೀರಿನ ಮೇಲೆ ಇಟ್ಟಳಂತೆ. ಅದು ಮುಳುಗಲಿಲ್ಲ. ತೇಲುತ್ತ ತಿರುಗುತ್ತ ನಡುಹೊಳೆಗೆ ಹೋಯಿತು. ಆಗ ಮಾವ ದಂಡೆಯಿಂದ ಕಲ್ಲು ಹೊಡೆದ. ಮೊದಲ ಕಲ್ಲು ತಪ್ಪಿತು. ಮತ್ತೊಂದು ಹೊಡೆದ. ಸದ್ದು ಕೇಳಿ ಅವ್ವ ತಿರುಗಿ ನೋಡಿದ್ದು.

"ಕಲ್ಲುಗಳು?" ಎಂದಳು ಯೆತುಂಡೆ.

"ಅತ್ತೆ, ಅಂದರೆ ಇವರ ಅವ್ವ, ಮನೆಗೆ ತಂದಿದ್ದರು. ಹಿತ್ತಲಲ್ಲಿ, ಸೌದೆಯ ಹಿಂದೆ, ಬಣ್ಣದ ಡಬ್ಬಿಯ ಬಕೀಟಿನಲ್ಲಿ ನೀರು ಹಾಕಿ ಇಟ್ಟಿದ್ದರು. ವಾರಕ್ಕೊಮ್ಮೆ ನೀರು ಬದಲಾಯಿಸುತ್ತಿದ್ದರು. ನನಗೆ ಗೊತ್ತಿತ್ತು, ಅಮ್ಮನಿಗೆ ನಾನು ಹೇಳಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಬಚ್ಚಲು ಕಟ್ಟಿಸಿದರು. ಗಾರೆ ಕೆಲಸದವರು ಬಕೀಟು ಬೇಕಾಗಿ ಕಲ್ಲುಗಳನ್ನು ಜಲ್ಲಿಗೆ ಸುರಿದುಬಿಟ್ಟರು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಕಾಂಕ್ರೀಟು ಹಾಕಿಯಾಗಿತ್ತು." ಅವಳು ಯೆತುಂಡೆಯ ಪಾದಗಳನ್ನು ನೋಡಿದಳು. "ನೀವು ಕಾಲು ತೊಳೆದಿರಲ್ಲ, ಅಲ್ಲಿ."

ಹೊಳೆಯಾಚೆ ಯಾರೋ ಎಮ್ಮೆಗಳನ್ನು ಅಬ್ಬರಿಸಿ ಅಟ್ಟುತ್ತಿದ್ದರು. ಯೆತುಂಡೆ ಎದ್ದು ನಿಂತು ನನ್ನ ಕಡೆ ತಿರುಗಿದಳು.

"ಕೈಜಾರಿತು ಎಂದು ಯಾಕೆ ಹೇಳಿದೆ?"

"ನಿನಗೆ ನೋವಾಗದಿರಲಿ ಎಂದು."

"ನನಗೋ, ನಿನ್ನ ಮನೆಯವರಿಗೋ?" ದನಿ ಏರಿಸಲಿಲ್ಲ. "ಅಜ್ಜಿ ಸತ್ತ ವಾರದಲ್ಲೇ, ಹಳೆಯ ದೈವ ಬೇಡವಾಗಿದ್ದ ನಮ್ಮ ಮಾವಂದಿರು ಅವಳ ದೇವರ ಮನೆ ಖಾಲಿ ಮಾಡಿದರು. ನಾನು ಊರಿಗೆ ಹೋದಾಗ, ಸಾಗಿಸುವಾಗ ಕೈಜಾರಿದವು ಎಂದರು. ಸಾಲಾಗಿ ಇಟ್ಟಿದ್ದ ಮಡಕೆಗಳು, ಎಲ್ಲವೂ ಒಂದೇ ದಿನ ಕೈಜಾರಿದವು. ಅವರ ಸುಳ್ಳು ಕೇಳಿಸಿಕೊಂಡೆ, ಅವರು ನನ್ನವರು. ನಿನ್ನ ಸುಳ್ಳು ಕೇಳುವುದಕ್ಕೆ ನಾನು ಇಷ್ಟು ದೂರ ಬರಬೇಕಾಗಿರಲಿಲ್ಲ."

ಬ್ಯಾಗು ತರಲು ಮನೆಗೆ ಹಿಂತಿರುಗಿದೆವು. ಯೆತುಂಡೆ ನೇರ ಹಿತ್ತಲಿಗೆ ಹೋಗಿ ಬಚ್ಚಲಿನ ಹೊಸ್ತಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ. ನುಣ್ಣಗೆ ತೀಡಿದ ಸಿಮೆಂಟು, ಮೂಲೆಯಲ್ಲಿ ನೀರಿನ ಡ್ರಮ್ಮು, ಸೋಪಿನ ನೊರೆ. ನಾನು ಜಗಲಿಗೆ ಬಂದು ಮಾವನ ಮುಂದೆ ನಿಂತೆ.

"ನೀವು ಹೊಡೆದ್ರಂತೆ."

ಮಾವ ಮಂಚದ ನವಾರು ಎಳೆಯತೊಡಗಿದ. "ಮುಳುಗ್ನಿಲ್ಲ ಕಣವ್ವ ಅದು," ಎಂದ. "ತೇಲ್ಕಂಡು ನಮ್ ಕಡೀಕೇ ತಿರುಗ್ತಿತ್ತು. ಎದ್ರಿಕೆ ಆಯ್ತು." ನಂತರ, "ಆಮೇಕೆ ಅಕ್ಕ ನನ್ ಕೂಟೆ ಮಾತಾಡ್ನಿಲ್ಲ," ಎಂದ. ಎರಡು ವರ್ಷ ಅವ್ವ ತನ್ನ ತಮ್ಮನೊಡನೆ ಮಾತು ಬಿಟ್ಟಿದ್ದಳು ಎಂಬುದು ಹೀಗೆ ನನಗೆ ತಿಳಿಯಿತು. ನಾನು ಹೋದಾಗ ಇಬ್ಬರೂ ಅದೇ ಜಗಲಿಯಲ್ಲಿ ಕೂತಿರುತ್ತಿದ್ದರು. ದಣಿದಿದ್ದಾರೆ ಎಂದುಕೊಳ್ಳುತ್ತಿದ್ದೆ.

ಹಲಗೂರು, ಮಳವಳ್ಳಿ, ಮದ್ದೂರು. ಬಂದ ದಾರಿಯಲ್ಲೇ ಹಿಂತಿರುಗಿದೆವು. ಬಸ್ಸುಗಳಲ್ಲಿ ಯೆತುಂಡೆ ತನ್ನ ಟಿಕೆಟ್ಟು ತಾನೇ ಕೊಂಡಳು. ಕಿಟಕಿಯ ಹೊರಗೆ ಕಬ್ಬು ಕಡಿದ ಗದ್ದೆಗಳಲ್ಲಿ ತರಗು ಸುಡುತ್ತಿದ್ದರು. ಅವಳು ಮೂಗಿಗೆ ಬಟ್ಟೆ ಹಿಡಿಯದೆ ಆ ಹೊಗೆಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಬೆಂಗಳೂರಿನ ರೈಲು ಅವಳು ಮದ್ದೂರಿನಲ್ಲೇ ಹತ್ತುವುದು, ನಾನು ಮಂಡ್ಯಕ್ಕೆ ಹೋಗುವುದು ಎಂದಾಗಿತ್ತು. ಸಂಜೆಯ ಪ್ಲಾಟ್‌ಫಾರಂ. ಹುಡುಗರ ಗುಂಪೊಂದು ಕೇಳದೆ ಅವಳ ಫೋಟೊ ತೆಗೆಯಿತು. ನಾನು ಬೈಯಲು ಹೊರಟೆ; ಬೇಡವೆಂದು ಅವಳು ಕೈ ಹಿಡಿದಳು. ಹೊಳೆಯಿಂದ ಬಂದ ಮೇಲೆ ನನ್ನನ್ನು ಮುಟ್ಟಿದ್ದು ಆಗಲೇ.

"ಊಟದ ಹೊತ್ತಿನಲ್ಲಿ ಆ ಹೆಂಗಸು ನನ್ನನ್ನು ಏನೋ ಕೇಳಿದಳು. ನಾನು ತಲೆಯಾಡಿಸಿದೆ. ಇನ್ನೂ ಬೇಕೇ ಎಂದಲ್ಲ ಅವಳು ಕೇಳಿದ್ದು. ಏನು?"

ಹೇಳಿದೆ. ಮಗಳ ಬಾಳಿಗೆ ನಿಮ್ಮ ದೇವರ ಕಡೆಯಿಂದ ಪರಿಹಾರವೇನಾದರೂ ಇದೆಯೇ ಎಂದು ಕೇಳಿದಳು ಎಂದೆ.

ಯೆತುಂಡೆ ಹಳಿಯ ಕಡೆ ನೋಡುತ್ತ ನಿಂತಳು. ರೈಲು ಬರುವ ಸದ್ದಾಯಿತು. "ಇದೆ ಎಂದು ಹೇಳು," ಎಂದಳು. "ಬಚ್ಚಲು ಒಡೆಯಬೇಕಂತೆ ಎನ್ನು." ಬ್ಯಾಗು ಹೆಗಲಿಗೇರಿಸಿ ಬೋಗಿ ಹತ್ತಿದಳು. ಕಿಟಕಿಯ ಬಳಿ ಜಾಗ ಸಿಕ್ಕಿತು. ಅವಳ ಪಕ್ಕ ಯಾರಾದರೂ ಕೂತರೋ ಇಲ್ಲವೋ ನೋಡುವಷ್ಟರಲ್ಲಿ ರೈಲು ಹೊರಟಿತ್ತು.

ಮಂಡ್ಯದ ಬಸ್ಸಿನಲ್ಲಿ ಗೆಜ್ಜಲಗೆರೆ ದಾಟುವಾಗ ಅತ್ತೆಯ ಫೋನು ಬಂತು. "ಓದ್ರೇನವ್ವ ಅವ್ರು? ಪಾಪ, ಬರೀ ಕೈಲಿ ಕಳುಸ್ದಂಗಾಯ್ತು. ಒಂದ್ ಸೇರು ರಾಗಿಟ್ಟಾದ್ರೂ ಕಟ್ಕೊಡ್ಬೇಕಿತ್ತು." ನನಗೆ ಸಿಟ್ಟು ತಡೆಯಲಾಗಲಿಲ್ಲ. ನೀವು ಪರಿಹಾರ ಕೇಳಿದ್ರಲ್ಲ ಅತ್ತೆ, ಹೇಳಿದ್ದಾರೆ, ಬಚ್ಚಲು ಒಡೀಬೇಕಂತೆ, ಅವ್ವನ ಕಲ್ಲು ಅದರೊಳಗೆ ಸೇರಿವೆಯಂತೆ ಎಂದೆ. ಹೊಸ ಬಚ್ಚಲು. ಬೈಗಳು ಬರುತ್ತವೆ ಎಂದು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

ಬೈಗಳು ಬರಲಿಲ್ಲ, ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡೆ.

"ಯಾವ್ ವಾರ ಒಡೀಬೇಕಂತೆ?" ಎಂದಳು ಮೆಲ್ಲಗೆ.

ನಾನು ನಗಬಹುದಿತ್ತು, ಇಲ್ಲವೇ ತಮಾಷೆಗೆ ಹೇಳಿದ್ದು ಎನ್ನಬಹುದಿತ್ತು. ಅವ್ವ ಬೇಡವೆಂದಾಗ ಆ ಮನೆಯಲ್ಲಿ ಒಬ್ಬರೂ ಕಿವಿಗೊಟ್ಟಿರಲಿಲ್ಲ. ಈಗ ನನ್ನ ಬಾಯಿಂದ ಬಂದದ್ದೆಲ್ಲ ಅಲ್ಲಿ ನಡೆಯುತ್ತಿತ್ತು.

"ಸೋಮವಾರ," ಎಂದೆ. "ಸಿಕ್ಕಿದ ಕಲ್ಲನ್ನ ಹೊರಗೆ ಎಸೀಬಾರದಂತೆ. ಭವ್ಯ ಕೈಯಿಂದ ತೊಳೆದು ನೀರಲ್ಲಿ ಹಾಕಿಡ್ಬೇಕಂತೆ. ವಾರ ವಾರ ನೀರು ಬದಲಾಯಿಸ್ಬೇಕಂತೆ."

"ಬಕೀಟಾದ್ರೆ ಆಗಾಕಿಲ್ವಾ?"

"ಇಲ್ಲ," ಎಂದೆ. "ಮಡಕೇಲೇ ಇಡ್ಬೇಕಂತೆ."